ಸಿಗ್ಗೆ ಓಡಿಸಿದ ಹಿಮಕರಡಿ

ಸಿಗ್‌ಬ್ಯೋರ್ನ್, ಎಲ್ಲರ ಬಾಯಲ್ಲೂ ಸಿಗ್ಗೆ, ಹಿಮಕರಡಿಯನ್ನು ಸೌಟು ಬೀಸಿ ಓಡಿಸಿದ್ದು ಉತ್ತರದ ಸಮುದ್ರದಲ್ಲಲ್ಲ. ಗ್ಯೋವಿಕ್ ಊರಿನ ಅತ್ತೆಮನೆಯಲ್ಲಿ, ಕ್ರಿಸ್ಮಸ್ ಊಟಕ್ಕೆ ಕೂತು, ಎರಡನೆಯ ಸಲ ಹಂದಿಯ ಪಕ್ಕೆಲುಬು ಬಡಿಸಿಕೊಳ್ಳುತ್ತಿದ್ದಾಗ.

ಅದಕ್ಕೆ ಕಾರಣ ಅವನ ಷಡ್ಡಕ. ಷಡ್ಡಕ ಅಗ್ನಿಶಾಮಕ ದಳದವನು. ಉರಿಯುವ ಕೊಟ್ಟಿಗೆಯಿಂದ ಕುದುರೆಯನ್ನು ಹೊರಗೆಳೆದ ಕತೆಯನ್ನು ಅವನು ಹೇಳಿ ಮುಗಿಸಿದಾಗ ಮನೆಯವರೆಲ್ಲ ಬಾಯಿ ತೆರೆದುಕೊಂಡು ಕೂತಿದ್ದರು. ಆಮೇಲೆ ಅತ್ತೆ ಬೋರ್ಗ್‌ಹಿಲ್ಡ್ ಈ ಕಡೆ ತಿರುಗಿ, "ನಿಮ್ಮ ಕಡೆ ಏನು ವಿಶೇಷ, ಸಿಗ್ಗೆ?" ಎಂದು ಕೇಳಿದರು. ಈರುಳ್ಳಿ ಹೆಚ್ಚಿದೆ ಎನ್ನುವುದು ನಿಜವಾದ ಉತ್ತರವಾಗಿತ್ತು. ಆದರೆ ಹೆಂಡತಿ ಇಂಗ್‌ವಿಲ್ ಆಸೆಗಣ್ಣಿನಿಂದ ನೋಡುತ್ತಿದ್ದಳು. ಹಡಗಿನ ಅಡುಗೆಮನೆಯ ಹಿಂಬಾಗಿಲಿಗೆ ಕರಡಿ ಬಂದಿತ್ತು ಎಂದುಬಿಟ್ಟ. ಬಂದ ಕರಡಿ ಸುಮ್ಮನೆ ಹೋಗುವ ಹಾಗಿರಲಿಲ್ಲವಾದ್ದರಿಂದ ಕೈಗೆ ಸೌಟೂ ಬಂತು.

ನಾಲ್ಕು ಬೇಸಿಗೆಯಿಂದ ಅವನು 'ಹಾವ್‌ಸುಲಾ' ಹಡಗಿನಲ್ಲಿ ಎರಡನೆಯ ಅಡುಗೆಯವ. ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡ್ ದ್ವೀಪಗಳ ಸುತ್ತ ವಾರಕ್ಕೊಮ್ಮೆ ತೊಂಬತ್ತು ಜನರನ್ನು ಸುತ್ತಿಸಿಕೊಂಡು ಬರುವ ಹಡಗು ಅದು. ಅಡುಗೆಮನೆ ಹಡಗಿನ ಹೊಟ್ಟೆಯಲ್ಲಿತ್ತು. ಬೆಕ್ಕಿನ ಮುಖದಷ್ಟಗಲದ ಒಂದು ಗುಂಡು ಕಿಟಕಿ, ಅದಕ್ಕೂ ಅಡ್ಡಲಾಗಿ ಬಾಣಲೆಗಳ ಕಪಾಟು. 'ಎಡಗಡೆ ಕರಡಿ' ಎಂದು ಸ್ಪೀಕರಿನಲ್ಲಿ ಕೂಗಿದಾಗಲೆಲ್ಲ ಅವನ ಒಲೆಯ ಮೇಲೆ ಏನಾದರೂ ಉಕ್ಕುವುದರಲ್ಲಿ ಇರುತ್ತಿತ್ತು. ಅದನ್ನು ಇಳಿಸಿ ಅವನು ಮೇಲೆ ಹತ್ತುವಷ್ಟರಲ್ಲಿ ಜನ ಕೆಳಗಿಳಿಯುತ್ತಿದ್ದರು, ಅದೂ ಹಸಿದುಕೊಂಡು. ಕರಡಿ ಎಷ್ಟು ಚೆನ್ನಾಗಿ ಕಂಡಿತು ಎನ್ನುವುದನ್ನು ಮೀನಿನ ಸಾರಿನ ಪಾತ್ರೆ ಎಷ್ಟು ಬೇಗ ಬರಿದಾಯಿತು ಎನ್ನುವುದರಿಂದಲೇ ಅವನು ಅಂದಾಜು ಮಾಡುತ್ತಿದ್ದ. ಕಣ್ಣಾರೆ ಅವನು ಕಂಡ ಹಿಮಕರಡಿ ಒಂದೇ, ಲಾಂಗ್‌ಯೀರ್‌ಬಿಯೆನ್ ಪೇಟೆಯಲ್ಲಿ ಹುಲ್ಲು ತುಂಬಿ ನಿಲ್ಲಿಸಿದ್ದು.

ಜೂನ್ ತಿಂಗಳಲ್ಲಿ ಬೋರ್ಗ್‌ಹಿಲ್ಡ್ ಮೂವತ್ತಾರು ವರ್ಷದ ಮೇಷ್ಟರಗಿರಿಯಿಂದ ನಿವೃತ್ತರಾದರು. ಶಾಲೆಯವರೆಲ್ಲ ಸೇರಿ ಒಂದು ಪ್ರವಾಸದ ಉಡುಗೊರೆ ಕೊಟ್ಟರು, ಹಡಗನ್ನು ನೀವೇ ಆರಿಸಿಕೊಳ್ಳಿ ಎಂದರು. ಅತ್ತೆ ಎರಡನೆಯ ಮಾತಿಲ್ಲದೆ ಹಾವ್‌ಸುಲಾವನ್ನು ಆರಿಸಿದರು. ಬೇರೆ ಹಡಗಿನವರು ಕರಡಿಯನ್ನು ಹುಡುಕಿಕೊಂಡು ಹೋಗಬೇಕು, ನಮ್ಮ ಅಳಿಯನ ಹಡಗಿಗಾದರೆ ಕರಡಿಯೇ ಹುಡುಕಿಕೊಂಡು ಬರುತ್ತದೆ ಎಂದು ಊರಿಗೆಲ್ಲ ಹೇಳಿ ಬಂದಿದ್ದರು.

ಹಡಗು ಹೊರಟು ನಾಲ್ಕು ದಿನ ಕಳೆದರೂ ಒಂದು ಕರಡಿಯೂ ಬಾಲ ತೋರಿಸಲಿಲ್ಲ. ಸಿಗ್ಗೆ ಒಲೆ ಬಿಟ್ಟು ಅಲುಗಲಿಲ್ಲ. ಐದನೆಯ ದಿನವೇ ಕೊನೆಯ ದಿನ. ಮರುದಿನ ಬೆಳಗ್ಗೆ ಹಡಗು ಬಂದರು ಸೇರಬೇಕು. ಅವತ್ತು ತಿಂಡಿಯ ಹೊತ್ತಿಗೆ ಅತ್ತೆ ಎದ್ದು ನಿಂತು, ಕಾಫಿ ಲೋಟಕ್ಕೆ ಚಮಚದಿಂದ ಮೂರು ಸಲ ಹೊಡೆದು, ಇಡೀ ಊಟದ ಮನೆಗೆ ಸೌಟಿನ ಕತೆ ಹೇಳಿದರು. ತರಗತಿಯನ್ನು ಹಿಡಿದಿಡುವ ಗಂಟಲು ಅದು, ಕೊನೆಯ ಬೆಂಚಿನವರಿಗೂ ಕೇಳಿಸಿತು. ಇಂಥ ಮನುಷ್ಯನನ್ನು ಕೆಳಗೆ ಆಲೂಗಡ್ಡೆ ಸುಲಿಯಲು ಕೂರಿಸಿಕೊಂಡು ನಾವು ಮೇಲೆ ದುರ್ಬೀನು ಹಿಡಿದು ಅಲೆಯುತ್ತಿದ್ದೇವಲ್ಲ ಎಂದು ಕೇಳಿ ಕೂತರು.

ಹತ್ತು ನಿಮಿಷದಲ್ಲಿ ತೂರಿಲ್ ಅಡುಗೆಮನೆಗೆ ಇಳಿದು ಬಂದಳು. ಯಾತ್ರೆಯ ಮುಖ್ಯಸ್ಥೆ ಅವಳು, ಹದಿನೈದು ವರ್ಷದಿಂದ ಹೆಗಲಿಗೆ ಬಂದೂಕು ಹಾಕಿಕೊಂಡು ಈ ದ್ವೀಪಗಳನ್ನು ತುಳಿದವಳು. ಸಿಗ್ಗೆ ಎಷ್ಟು ಕರಡಿ ನೋಡಿದ್ದಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಏನಪ್ಪಾ, ಸೌಟಲ್ಲಿ ಓಡಿಸಿದ್ಯಂತೆ?" ಎಂದಳು.

ಹಿರಿಯ ಅಡುಗೆಯವ ಔಡುನ್ ಗೋಡೆಯಿಂದ ದೊಡ್ಡ ಸೌಟನ್ನು ಇಳಿಸಿ ಬೆಳಕಿಗೆ ಹಿಡಿದ. "ಇದೇ ಇರ್ಬೇಕು. ಹಿಡಿ ಯಾಕೆ ಬಗ್ಗಿದೆ ಅಂತ ಇಷ್ಟು ದಿನ ಯೋಚ್ನೆ ಮಾಡ್ತಿದ್ದೆ."

ಸಿಗ್ಗೆ ಕೈ ಮುಗಿಯುವುದೊಂದು ಬಾಕಿ. ಇವತ್ತು ಕೆಲಸ ಬಹಳ ಇದೆಯೆಂದು ಹೇಳಿಬಿಡಿ ಎಂದು ಇಬ್ಬರನ್ನೂ ಬೇಡಿಕೊಂಡ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಅರ್ಧ ಗಂಟೆ ಬಿಡುವು ಕೊಡದ ಔಡುನ್ ಅವತ್ತು ಇಡೀ ದಿನ ರಜೆ ಕೊಟ್ಟ. ನಿನ್ನ ಆಲೂಗಡ್ಡೆಯನ್ನು ನಾನು ಸುಲಿಯುತ್ತೇನೆ, ಈ ತಮಾಷೆ ತಪ್ಪಿದರೆ ಚಳಿಗಾಲವೆಲ್ಲ ಪೇಚಾಡಬೇಕಾಗುತ್ತದೆ ಎಂದ. ತೂರಿಲ್ ತನ್ನ ಹಳೆಯ ಕೆಂಪು ಕೋಟನ್ನು ಅವನಿಗೆ ತೊಡಿಸಿ, ಕೊರಳಿಗೆ ದುರ್ಬೀನು ನೇತುಹಾಕಿ, ಮದುವೆ ಹೆಣ್ಣನ್ನು ಕರೆದೊಯ್ಯುವ ಹಾಗೆ ಮೇಲಕ್ಕೆ ಕರೆದುಕೊಂಡು ಹೋದಳು. ಸೌಟೂ ಅವನ ಕೈಗೆ ಬಂತು. ಅದನ್ನು ನೋಡಲೇಬೇಕೆಂದು ಟ್ರೋಂಡ್‌ಹೈಮ್‌ನ ಹಲ್ಲಿನ ಡಾಕ್ಟರು ಉಲ್ರಿಕ್ ಹಟ ಹಿಡಿದಿದ್ದರು.

ಡೆಕ್ಕಿನ ಬಾಗಿಲು ತೆರೆದಾಗ ಸಿಗ್ಗೆಗೆ ಮೊದಲು ಕಂಡದ್ದು ಬೆಳಕು. ಎಲ್ಲಿಂದ ಬರುತ್ತಿದೆ ಎಂದು ಹೇಳಲಾಗದ ಬೆಳಕು, ಮೇಲಿಂದಲೂ ಕೆಳಗಿಂದಲೂ ಪಕ್ಕದಿಂದಲೂ. ಸಮುದ್ರ ಅಲುಗದೆ ಹಾಲಿನ ಕೆನೆಯಂತೆ ಬಿದ್ದಿತ್ತು, ಅದರ ಮೇಲೆ ಮಂಜುಗಡ್ಡೆಯ ಹಾಸುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ತೇಲುತ್ತಿದ್ದವು. ಆಚೆಗೆ ಕಪ್ಪು ಬೆಟ್ಟಗಳು, ಅವುಗಳ ಸಂದಿನಲ್ಲಿ ಇಳಿದು ಬಂದ ಹಿಮನದಿಗಳು. ನಾಲ್ಕು ಬೇಸಿಗೆ ಇದರ ಮಧ್ಯೆಯೇ ಓಡಾಡಿದ್ದಾನೆ. ತಲೆಯ ಮೇಲೆ ಇಷ್ಟು ದೊಡ್ಡ ಸಂಪತ್ತು ಇಟ್ಟುಕೊಂಡು ತಾನು ಕೆಳಗೆ ಈರುಳ್ಳಿಗೆ ಕಣ್ಣೀರು ಹಾಕುತ್ತಿದ್ದೆನಲ್ಲ ಎಂದು ಅವನಿಗೆ ಅನ್ನಿಸಿತು. ಸ್ವಲ್ಪ ಹೊತ್ತು ಕರಡಿಯೂ ಅತ್ತೆಯೂ ಎರಡೂ ಮರೆತುಹೋದವು.

"ಬಾಯಿ ಮುಚ್ಚು, ಚಳಿ ಒಳಗೆ ಹೋಗುತ್ತೆ," ಎಂದರು ಅತ್ತೆ. ಮಡಚುವ ಕುರ್ಚಿಯೊಂದನ್ನು ಕಂಬಿಗೆ ತಾಗಿಸಿ ಹಾಕಿಕೊಂಡು, ಮೊಣಕಾಲಿಗೆ ಕಂಬಳಿ ಸುತ್ತಿಕೊಂಡು ಅಲ್ಲೇ ಕೂತಿದ್ದರು. "ಎಲ್ಲಿ, ಯಾವ ಕಡೆ ನೋಡ್ಬೇಕು ಹೇಳು."

ಏನಾದರೂ ಹೇಳಬೇಕಿತ್ತು. ದುರ್ಬೀನಿನಲ್ಲಿ ಸುತ್ತಲೂ ನೋಡಿದ. ದೂರದ ಮಂಜಿನ ಹಾಸೊಂದರ ಮೇಲೆ ಬೆಣ್ಣೆಬಣ್ಣದ್ದೇನೋ ಕಂಡಿತು. ಬಿಳಿಯ ಮಧ್ಯೆ ಹಳದಿ ಎಂದರೆ ಕರಡಿ ಎಂದು ತೂರಿಲ್ ಯಾವಾಗಲೋ ಹೇಳಿದ್ದು ನೆನಪಾಯಿತು. ಬೆರಳು ತೋರಿಸಿದ. ತೊಂಬತ್ತು ದುರ್ಬೀನುಗಳು ಒಟ್ಟಿಗೆ ಆ ಕಡೆ ತಿರುಗಿದವು. ಕ್ಯಾಪ್ಟನ್ ಎಂಜಿನ್ನಿನ ಸದ್ದು ಇಳಿಸಿ ಹಡಗು ತಿರುಗಿಸಿದರು. ಮುಕ್ಕಾಲು ಗಂಟೆ ಹಾವ್‌ಸುಲಾ ಕಳ್ಳಹೆಜ್ಜೆ ಹಾಕುತ್ತ ಸಾಗಿತು, ಜನ ಪಿಸುಗುಟ್ಟುವುದನ್ನೂ ಬಿಟ್ಟು ಸನ್ನೆಯಲ್ಲೇ ಮಾತಾಡಿದರು, ಉಲ್ರಿಕ್ ಡಾಕ್ಟರು ಬಂದ ಕೆಮ್ಮನ್ನು ಟೋಪಿಯೊಳಗೆ ಕೆಮ್ಮಿದರು. ಹತ್ತಿರ ಹೋಗಿ ನೋಡಿದರೆ ಅದು ಮಣ್ಣು ಮೆತ್ತಿದ ಮಂಜುಗಡ್ಡೆ.

ಸಿಗ್ಗೆ ಸಮುದ್ರಕ್ಕೆ ಹಾರಿಬಿಡುವುದೋ ಎಂದು ನೀರಿನ ಕಡೆ ನೋಡಿದ. ಅಷ್ಟರಲ್ಲಿ ಆ ಗಡ್ಡೆಯ ಮರೆಯಿಂದ ಒಂದು ಸುಕ್ಕುಮುಖ ಮೇಲೆದ್ದಿತು. ಅದರ ಪಕ್ಕದಲ್ಲಿ ಇನ್ನೊಂದು. ನಲವತ್ತಕ್ಕೂ ಮೇಲೆ ವಾಲ್ರಸ್‌ಗಳು ಒಂದರ ಮೇಲೊಂದು ಹೊಟ್ಟೆ ಹಾಕಿಕೊಂಡು ಬಿದ್ದಿದ್ದವು, ಊಟವಾದ ಮೇಲೆ ಮದುವೆಮನೆಯ ಹಜಾರದಲ್ಲಿ ಬಿದ್ದುಕೊಂಡ ಬೀಗರ ಹಾಗೆ. ಮೊಳದುದ್ದದ ದಂತಗಳು, ಪೊರಕೆಯಂಥ ಮೀಸೆ. ಒಂದು ಮುದಿ ವಾಲ್ರಸ್ ಈಜುಗೈಯಿಂದ ನಿಧಾನವಾಗಿ ಕತ್ತು ಕೆರೆದುಕೊಂಡು, ಹಡಗನ್ನು ನೋಡಿ, ನೋಡುವಂಥದ್ದೇನೂ ಇಲ್ಲವೆಂದು ಮತ್ತೆ ಮಲಗಿತು. ಜನ ದುರ್ಬೀನು ಇಳಿಸಿ ಬರಿಗಣ್ಣಿನಲ್ಲೇ ನೋಡಿದರು. ಉಲ್ರಿಕ್ ಡಾಕ್ಟರಂತೂ ಆ ದಂತಗಳ ಬೇರು ಎಷ್ಟು ಆಳವಿರಬಹುದೆಂದು ಯೋಚಿಸುತ್ತ ಕಣ್ಣು ಒದ್ದೆ ಮಾಡಿಕೊಂಡರು. ಆಮೇಲೆ ಸಿಗ್ಗೆಯ ಬೆನ್ನು ತಟ್ಟಿ, ಕರಡಿ ಎಂದು ಹೇಳಿ ವಾಲ್ರಸ್ ತೋರಿಸಿದೆಯಲ್ಲ, ಪಳಗಿದವರ ಆಟವೇ ಬೇರೆ ಎಂದರು.

ಹೀಗೆ ಮೊದಲ ತಪ್ಪು ಅವನ ಕಿರೀಟಕ್ಕೆ ಗರಿಯಾಗಿ ಕೂತಿತು. ಅವನನ್ನು ಕಂಗೆಡಿಸಿದ್ದೂ ಅದೇ.

ಹನ್ನೊಂದು ಗಂಟೆಗೆ ರಬ್ಬರ್ ದೋಣಿಗಳಲ್ಲಿ ದಡಕ್ಕೆ ಹೋದರು. ತೂರಿಲ್ ಬಂದೂಕು ಹಿಡಿದು ಮುಂದೆ, ಜನ ಸಾಲಾಗಿ ಹಿಂದೆ. ಸಾಲಿನ ಕಣ್ಣೆಲ್ಲ ತೂರಿಲ್ ಮೇಲಲ್ಲ, ಸೌಟಿನ ಮೇಲೆ. ಈ ಹೆಜ್ಜೆ ಯಾವುದರದು, ಆ ಹಿಕ್ಕೆ ಯಾವುದರದು ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ಅವನು ಹಿಮಸಾರಂಗದ ಹಿಕ್ಕೆಯನ್ನು ನೋಡಿ, ಇದು ಹಳೆಯದು, ಎಂದ. ಅಷ್ಟಕ್ಕೇ ನಾಲ್ಕು ಜನ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಹಿಮಸಾರಂಗವೇ ಎದುರಿಗೆ ಬಂದು ನಿಂತಿತು. ಗಿಡ್ಡ ಕಾಲು, ದುಂಡು ಮೈ, ಇಪ್ಪತ್ತು ಹೆಜ್ಜೆ ದೂರದಲ್ಲಿ ಪಾಚಿ ಮೇಯುತ್ತ ಅದು ಅವನನ್ನೇ ನೋಡುತ್ತಿತ್ತು, ಹೆದರಿಕೆ ಎಂಬುದನ್ನೇ ಅದಕ್ಕೆ ಯಾರೂ ಕಲಿಸಿರಲಿಲ್ಲ. ನಾಲ್ಕು ವರ್ಷದಿಂದ ಸಾರಂಗದ ಮಾಂಸವನ್ನು ಹದವಾಗಿ ಬೇಯಿಸುತ್ತಿದ್ದವನು ಮೆಲ್ಲಗೆ ಮುಖ ಬೇರೆ ಕಡೆ ತಿರುಗಿಸಿಕೊಂಡ.

ತಿರುಗಿಸಿದ ಕಡೆ ನಾಲ್ಕು ಹೆಜ್ಜೆ ನಡೆದದ್ದೇ ಎಡವಟ್ಟಾಯಿತು. ಅದು ರೀವ ಎಂಬ ಕಡಲಹಕ್ಕಿಗಳು ಮೊಟ್ಟೆಯಿಟ್ಟ ಜಾಗ. ಕೆಂಪು ಕೊಕ್ಕು, ಕಪ್ಪು ಟೋಪಿ, ಮುಷ್ಟಿಯಷ್ಟೂ ಇಲ್ಲದ ಮೈ. ಮೊದಲನೆಯದು ಅವನ ನೆತ್ತಿಗೇ ಕುಕ್ಕಿತು. ಎರಡನೆಯದು ಕಿವಿಗೆ. ಆಮೇಲೆ ಎಣಿಸಲು ಪುರುಸೊತ್ತಿರಲಿಲ್ಲ. ತಲೆಗಿಂತ ಎತ್ತರಕ್ಕೆ ಏನಾದರೂ ಹಿಡಿ ಎಂದು ತೂರಿಲ್ ಕೂಗಿದಳು. ಅವನು ಸೌಟು ಎತ್ತಿದ. ಹಕ್ಕಿಗಳು ಸೌಟಿಗೆ ಕುಕ್ಕಿದವು, ಠಣ್ ಠಣ್ ಎಂದು ಗುಡ್ಡವೆಲ್ಲ ಕೇಳಿಸಿತು. ಅವನು ತಲೆ ತಗ್ಗಿಸಿ, ಸೌಟು ಎತ್ತಿ, ಓಡುವುದೂ ನಡೆಯುವುದೂ ಅಲ್ಲದ ಒಂದು ಗತ್ತಿನಲ್ಲಿ ಹಿಂದಕ್ಕೆ ಬಂದ. ಸೌಟನ್ನು ಯಾಕೆ ಜೊತೆಯಲ್ಲೇ ಇಟ್ಟುಕೊಳ್ಳುತ್ತಾನೆ ಎಂದು ಈಗ ತಿಳಿಯಿತು ಎಂದು ಜನ ತಲೆದೂಗಿದರು.

ಅವನ ನೆತ್ತಿಯ ಗಾಯಕ್ಕೆ ಅತ್ತೆ ಕರವಸ್ತ್ರ ಒತ್ತಿದರು. ಒತ್ತುತ್ತಲೇ ಸುತ್ತ ನಿಂತವರಿಗೆ ಪಾಠ ಶುರು ಮಾಡಿದರು. ನೂರು ಗ್ರಾಂ ತೂಕ, ನಿಮ್ಮ ಜೇಬಿನ ಫೋನಿನಷ್ಟೂ ಇಲ್ಲ. ಇಲ್ಲಿ ಬೇಸಿಗೆ ಮುಗಿದ ಮೇಲೆ ಭೂಮಿಯ ಇನ್ನೊಂದು ತುದಿಗೆ ಹಾರಿ ಹೋಗುತ್ತದೆ, ಅಲ್ಲಿನ ಬೇಸಿಗೆ ಮುಗಿಸಿಕೊಂಡು ಮತ್ತೆ ಇಲ್ಲಿಗೇ ಬರುತ್ತದೆ. ಭೂಮಿಯ ಮೇಲೆ ಇದರಷ್ಟು ಹಗಲು ಕಂಡ ಜೀವ ಇನ್ನೊಂದಿಲ್ಲ. ಅಷ್ಟು ದೂರದಿಂದ ಬಂದು ಇಟ್ಟ ಮೊಟ್ಟೆಯನ್ನು ಒಬ್ಬ ಅಡುಗೆಯವ ತುಳಿಯಲು ಹೋದರೆ ಅದು ಕುಕ್ಕದೆ ಮುತ್ತು ಕೊಡುತ್ತದೆಯೇ. ಅಷ್ಟು ಹೇಳಿ ಅವರು ಆಕಾಶ ನೋಡಿದರು. ಹಕ್ಕಿಗಳು ಬಿಸಿಲಿನಲ್ಲಿ ಕತ್ತರಿಸಿ ಎಸೆದ ಕಾಗದದ ಚೂರಿನ ಹಾಗೆ ಹೊಳೆಯುತ್ತಿದ್ದವು. ತೂರಿಲ್ ಕೂಡ ಬಂದೂಕಿಗೆ ಒರಗಿ ಕೇಳುತ್ತಿದ್ದಳು.

ಸಿಗ್ಗೆಗೆ ಆಗಲೇ ಅನ್ನಿಸಿದ್ದು, ಈ ಹೆಂಗಸಿಗೆ ಇನ್ನು ಸುಳ್ಳು ಹೇಳಬಾರದು ಎಂದು. ಮೂವತ್ತಾರು ವರ್ಷ ಗೋಡೆಗೆ ನೇತುಹಾಕಿದ ಚಿತ್ರಪಟಕ್ಕೆ ಕೋಲು ಮುಟ್ಟಿಸಿ ಮಕ್ಕಳಿಗೆ ಇದನ್ನೆಲ್ಲ ತೋರಿಸಿದವರು. ಈಗ ಕಣ್ಣಿಂದ ನೋಡಲು ಬಂದಿದ್ದಾರೆ, ಅದೂ ತನ್ನನ್ನು ನಂಬಿಕೊಂಡು.

ಮಧ್ಯಾಹ್ನ ದೋಣಿಗಳು ಹಿಮನದಿಯ ಮುಂದೆ ನಿಂತವು. ಸಮುದ್ರದೊಳಗೆ ಕೊನೆಯಾಗುವ ಮಂಜಿನ ಗೋಡೆ, ಹತ್ತು ಮಾಳಿಗೆಯಷ್ಟು ಎತ್ತರ. ಬಿರುಕುಗಳ ಒಳಗೆಲ್ಲ ನೀಲಿ. ಆ ನೀಲಿಗೆ ಹೋಲಿಸಲು ಸಿಗ್ಗೆ ತನ್ನ ತಲೆಯಲ್ಲಿದ್ದುದನ್ನೆಲ್ಲ ತಡಕಿದ, ಅಡುಗೆಮನೆಯಲ್ಲಿ ಅಂಥ ಬಣ್ಣದ ಪದಾರ್ಥ ಒಂದೂ ಇರಲಿಲ್ಲ. ದೋಣಿಯ ಸುತ್ತ ತೇಲುವ ಚೂರುಗಳು ಕರಗುತ್ತ, ಒಳಗೆ ಸಿಕ್ಕಿಕೊಂಡಿದ್ದ ಹಳೆಯ ಗಾಳಿ ಹೊರಬೀಳುತ್ತ, ಬಿಸಿ ಬಾಣಲೆಗೆ ಬೆಣ್ಣೆ ಹಾಕಿದ ಹಾಗೆ ಚಿಟಪಟ ಎನ್ನುತ್ತಿದ್ದವು. ಆ ಸದ್ದು ಮಾತ್ರ ಅವನಿಗೆ ಪರಿಚಯದ್ದಾಗಿತ್ತು. ಅದರಿಂದಲೇ ಧೈರ್ಯ ಬಂತು.

ಆದರೆ ದೋಣಿಯಲ್ಲಿ ಒಂದೇ ಗಲಾಟೆ. ಉಲ್ರಿಕ್ ಡಾಕ್ಟರು ಗೋಡೆಯ ಬಿರುಕುಗಳನ್ನು ಹುಳುಕು ಹಲ್ಲಿಗೆ ಹೋಲಿಸಿ ವಿವರಿಸುತ್ತಿದ್ದರು. ಸಿಗ್ಗೆ ಎದ್ದು ನಿಂತು ಕೈ ಎತ್ತಿದ.

"ಒಂದು ನಿಮಿಷ ಎಲ್ಲರೂ ಸುಮ್ನಿರ್ತೀರಾ?"

ಎಲ್ಲರೂ ಸುಮ್ಮನಾದರು. ಪಕ್ಕದ ದೋಣಿಯವರೂ ಸುಮ್ಮನಾದರು. ಅವನು ಅತ್ತೆಯ ಕಿವಿಯ ಹತ್ತಿರ ಬಗ್ಗಿ ಹೇಳಿದ: "ಅತ್ತೆ, ನಾನು ಕರಡೀನ ನೋಡೇ ಇಲ್ಲ."

ಕೊನೆಯ ಎರಡು ಪದದ ಮೇಲೆ ಹಿಮನದಿ ಬಿತ್ತು. ಗೋಡೆಯ ಒಂದು ಕಡೆ, ಚರ್ಚಿನ ಗೋಪುರದಷ್ಟು ದೊಡ್ಡ ತುಂಡು, ಮೊದಲು ಸದ್ದೇ ಇಲ್ಲದೆ ಜಾರಿತು. ಆಮೇಲೆ ಗುಡುಗು. ನೀರು ಬೆಳ್ಳಗೆ ಮೇಲೆದ್ದಿತು, ತುಂಡು ಮುಳುಗಿ, ಉರುಳಿ, ಹೊಚ್ಚ ಹೊಸ ನೀಲಿ ಮೈ ತೋರಿಸಿಕೊಂಡು ಎದ್ದು ಬಂತು. ಅಲೆ ಬಂದು ದೋಣಿಗಳನ್ನು ತೊಟ್ಟಿಲಿನಂತೆ ತೂಗಿ ಹೋಯಿತು. ಉಲ್ರಿಕ್ ಡಾಕ್ಟರಿಗೆ ಟೋಪಿ ಬಿದ್ದುಹೋದ ಅರಿವೂ ಇರಲಿಲ್ಲ. ಬೀಳುವ ಮೊದಲೇ ಸಿಗ್ಗೆಗೆ ಗೊತ್ತಾಯಿತು, ನಮ್ಮನ್ನು ಸುಮ್ಮನಿರಲು ಹೇಳಿದ ಎಂದು ದೋಣಿಯಿಂದ ದೋಣಿಗೆ ಸುದ್ದಿ ಹಬ್ಬಿತು. ತೂರಿಲ್ ಬಾಯಿಗೆ ಕೈಗವಸು ಅಡ್ಡ ಹಿಡಿದುಕೊಂಡು ನಗುತ್ತಿದ್ದಳು. ಅತ್ತೆ ಮಂಜಿನ ಗೋಡೆಯನ್ನೇ ನೋಡುತ್ತ ಕೂತಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ಕೇಳಿಸಿಲ್ಲ ಎಂದುಕೊಂಡ ಸಿಗ್ಗೆ. ಇನ್ನೊಮ್ಮೆ ಹೇಳುವಷ್ಟು ಗಾಳಿ ಅವನ ಎದೆಯಲ್ಲಿ ಉಳಿದಿರಲಿಲ್ಲ.

ಹಡಗಿಗೆ ಹಿಂತಿರುಗಿದ ಮೇಲೆ ಅವನು ತಾನಾಗಿಯೇ ಅಡುಗೆಮನೆಗೆ ಇಳಿದು, ಕೋಟು ತೆಗೆದು, ರಾತ್ರಿ ಊಟದ ಕಾಡ್ ಮೀನು ಸೀಳುತ್ತ ನಿಂತ. ಇನ್ನೊಂದು ರಾತ್ರಿ ಕಳೆದರೆ ಪ್ರವಾಸವೇ ಮುಗಿಯಿತು. ಕರಡಿ ಬರಲಿಲ್ಲ ಎಂದರೆ ಅದು ಕರಡಿಯ ತಪ್ಪು.

ಐದೂ ಕಾಲಿಗೆ ಸ್ಪೀಕರ್ ಗೊರಗೊರ ಎಂದಿತು. ತೂರಿಲ್ ಧ್ವನಿ, ಆದರೆ ತಮಾಷೆಯ ಸುಳಿವೂ ಇರಲಿಲ್ಲ. "ಬಲಗಡೆ. ತಾಯಿ, ಎರಡು ಮರಿ. ದಯವಿಟ್ಟು ಸದ್ದು ಮಾಡ್ಬೇಡಿ."

ಒಲೆಯ ಮೇಲೆ ಬಿಳಿ ಸಾಸ್ ಕುದಿಯುತ್ತಿತ್ತು. ಸಿಗ್ಗೆ ಅಭ್ಯಾಸದಂತೆ ಅದನ್ನು ತಿರುವುತ್ತಲೇ ಇದ್ದ. ಔಡುನ್ ಅವನ ಕೈಯಿಂದ ಚಮಚ ಕಿತ್ತುಕೊಂಡ. ಹೋಗೋ, ಇದು ಉರಿದು ಬೂದಿಯಾದರೂ ನಾನು ನೋಡಿಕೊಳ್ಳುತ್ತೇನೆ ಎಂದು ಬಾಗಿಲ ಕಡೆ ನೂಕಿದ.

ಕೆಲಸದವರ ಕಬ್ಬಿಣದ ಮೆಟ್ಟಿಲನ್ನು ಅವನು ಎರಡೆರಡಾಗಿ ಹತ್ತಿದ. ಡೆಕ್ಕಿನ ಮೇಲೆ ಬೆನ್ನುಗಳ ಗೋಡೆ. ಯಾರೋ ತಿರುಗಿ ನೋಡಿ, ಅವನು ಬಂದ, ದಾರಿ ಬಿಡಿ ಎಂದು ಪಿಸುಗುಟ್ಟಿದರು. ಬೆನ್ನುಗಳು ಎರಡಾಗಿ ಸರಿದವು. ನಡುವೆ ಒಂದು ಓಣಿ, ಓಣಿಯ ತುದಿಗೆ ಕಂಬಿ, ಕಂಬಿಯ ಆಚೆ ನಾಲ್ಕು ಬೇಸಿಗೆಯಿಂದ ಕಾದದ್ದು. ಹತ್ತು ಹೆಜ್ಜೆ ಹಾಕಿದ್ದರೆ ಸಾಕಿತ್ತು. ಆದರೆ ಓಣಿಯ ಪಕ್ಕದಲ್ಲೇ ಮಡಚುವ ಕುರ್ಚಿ ಇತ್ತು. ಅದರ ಮೇಲೆ ಕಂಬಳಿ ಬಿದ್ದಿತ್ತು, ಅತ್ತೆ ಇರಲಿಲ್ಲ.

ಎಲ್ಲಿ ಎಂದು ಪಕ್ಕದವರನ್ನು ಕೇಳಿದ. ಸ್ಪೀಕರ್ ಕೂಗಿದಾಗಲೇ ಎದ್ದು ಒಳಗೆ ಹೋದರು ಎಂದರು. ಕೋಣೆಯಲ್ಲಿ ಮಲಗಿರಬಹುದು, ಕಾಲು ಜಾರಿರಬಹುದು, ಏನಾಗಿದೆಯೋ. ಸಿಗ್ಗೆ ಕಂಬಿಯ ಕಡೆ ಒಂದು ಸಲ, ಕುರ್ಚಿಯ ಕಡೆ ಒಂದು ಸಲ ನೋಡಿದ. ಕರಡಿ ನೋಡಲು ಭೂಮಿಯ ತುದಿಗೆ ಬಂದ ಹೆಂಗಸು ಅದನ್ನು ನೋಡದೆ, ತಾನು ನೋಡಿದರೆ, ಆ ಮುಖವನ್ನು ಮುಂದಿನ ಕ್ರಿಸ್ಮಸ್ಸಿಗೆ ಹೇಗೆ ನೋಡುವುದು. ಅವನು ಬೆನ್ನು ತಿರುಗಿಸಿ ಓಡಿದ.

ಕೋಣೆಯಲ್ಲಿ ಇರಲಿಲ್ಲ. ಊಟದ ಮನೆಯಲ್ಲಿ, ಪುಸ್ತಕದ ಮೂಲೆಯಲ್ಲಿ, ಬಚ್ಚಲಿನ ಹತ್ತಿರ ಎಲ್ಲೂ ಇರಲಿಲ್ಲ. ಅಡುಗೆಮನೆಗೇ ಇಳಿದು ಬಂದ. ಔಡುನ್ ಸಾಸ್ ತಿರುವುತ್ತ, ನಿನ್ನ ಅತ್ತೆ ಈಗ ತಾನೆ ನಿನ್ನನ್ನು ಕೇಳಿಕೊಂಡು ಬಂದಿದ್ದರು, ಮೇಲೆ ಹೋದ ಎಂದೆ, ಆ ಬಾಗಿಲಿನಿಂದ ಹೋದರು ಎಂದು ಚಮಚದಿಂದ ತೋರಿಸಿದ. ಆಮೇಲೆ ಚಮಚವನ್ನು ಗಾಳಿಯಲ್ಲೇ ನಿಲ್ಲಿಸಿದ. ಆ ಬಾಗಿಲು ಮೆಟ್ಟಿಲಿಗಲ್ಲ, ಮೀನು ಇಡುವ ಶೀತಲ ಕೋಣೆಗೆ ಹೋಗುತ್ತಿತ್ತು.

ಸಿಗ್ಗೆ ಹಿಡಿ ಎಳೆದು ತೆರೆದ. ಹಳದಿ ದೀಪದ ಕೆಳಗೆ, ಸಾಲ್ಮನ್ ಪೆಟ್ಟಿಗೆಗಳ ಮಧ್ಯೆ, ಆಲೂಗಡ್ಡೆ ಮೂಟೆಯೊಂದರ ಮೇಲೆ ಬೋರ್ಗ್‌ಹಿಲ್ಡ್ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು, ತರಗತಿ ಸದ್ದಡಗುವವರೆಗೆ ಕಾಯುವವರ ಹಾಗೆ. ಒಳಗಿನಿಂದ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೂಗು ಕೆಂಪಾಗಿತ್ತು.

"ಇಷ್ಟು ಹೊತ್ತು ಬೇಕಾಯ್ತಾ ನಿನಗೆ?" ಎಂದರು.

"ನೀವು ಇಲ್ಲಿಗೆ ಯಾಕೆ ಬಂದ್ರಿ ಅತ್ತೆ? ಅಲ್ಲಿ ಕರಡಿ ಬಂದಿದೆ."

"ಗೊತ್ತು. ನಿನ್ನ ಕರೆಯೋಕೆ ಬಂದೆ. ನೀನು ನೋಡೇ ಇಲ್ವಲ್ಲ."

ಮೂವತ್ತಾರು ವರ್ಷ ಹಿಂದಿನ ಬೆಂಚಿನ ಪಿಸುಮಾತು ಕೇಳಿಸಿಕೊಂಡವಳು, ಒಂದು ಹಿಮನದಿ ಅಡ್ಡ ಬಂದರೆ ಕೇಳಿಸುವುದಿಲ್ಲವೇ ಎಂದು ಅವರು ಸೆರಗು ಕೊಡವುವ ಹಾಗೆ ಕೋಟನ್ನು ಕೊಡವಿಕೊಂಡು ಎದ್ದರು. ಅಲ್ಲದೆ ಕ್ರಿಸ್ಮಸ್ಸಿನ ದಿನವೇ ಗೊತ್ತಾಗಿತ್ತಂತೆ. ಸುಳ್ಳು ಹೇಳುವ ಹುಡುಗರು ಕೈಯಲ್ಲಿ ಏನಾದರೂ ಹಿಡಿದುಕೊಳ್ಳುತ್ತಾರೆ, ಅವನು ಅವತ್ತು ಕತೆ ಮುಗಿಯುವವರೆಗೂ ಉಪ್ಪಿನ ಡಬ್ಬಿ ಹಿಡಿದುಕೊಂಡಿದ್ದನಂತೆ.

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಮೆಟ್ಟಿಲು ಹತ್ತಿದರು. ಡೆಕ್ಕಿಗೆ ಬಂದರೆ ಎದುರಿಗೆ ಏನೂ ಇರಲಿಲ್ಲ. ಮಂಜು ಮುಸುಕಿತ್ತು. ಬೆಳ್ಳಗೆ, ದಟ್ಟವಾಗಿ, ಕಂಬಿಯವರೆಗೂ ಬಂದು ನಿಂತಿತ್ತು, ಯಾರೋ ಆಗ ತಾನೆ ಪರದೆ ಎಳೆದ ಹಾಗೆ. ಎಲ್ಲೋ ಒಳಗಿನಿಂದ ನೀರಿನ ಒಂದು ಸಣ್ಣ ಸದ್ದು ಮಾತ್ರ ಕೇಳಿಸಿತು, ಚಳಕ್ ಎಂದು. ಅದು ಕರಡಿಯದೋ ಅಲೆಯದೋ ಹೇಳುವವರಿಲ್ಲ.

ಉಲ್ರಿಕ್ ಡಾಕ್ಟರು ಓಡಿ ಬಂದು ಸಿಗ್ಗೆಯನ್ನು ಅಪ್ಪಿಕೊಂಡರು. ತಾಯಿ ಮಂಜಿನ ಒಂದು ಹಾಸಿನಿಂದ ಇನ್ನೊಂದಕ್ಕೆ ಹೇಗೆ ಈಜಿತು, ಒಂದು ಮರಿ ಹೇಗೆ ಅದರ ಬೆನ್ನಿಗೆ ಗಲ್ಲ ಊರಿಕೊಂಡು ಬಂತು, ಮೇಲೆ ಹತ್ತಿ ಮೈ ಕೊಡವಿದಾಗ ಹನಿಗಳು ಹೇಗೆ ಬಿಸಿಲಿಗೆ ಹಾರಿದವು, ಇನ್ನೊಂದು ಮರಿ ಹತ್ತಲಾರದೆ ಜಾರಿ ಅತ್ತಾಗ ತಾಯಿ ಹೇಗೆ ಹಿಂತಿರುಗಿ ಬಂತು, ಎಲ್ಲವನ್ನೂ ಅಳುತ್ತ ನಗುತ್ತ ಹೇಳಿದರು. ಸದ್ದಿಲ್ಲದೆ ನಿಂತಿದ್ದ ತೊಂಬತ್ತು ಜನರೂ ಒಂದೇ ಸಲ ಮಾತಾಡಲು ಶುರು ಮಾಡಿದ್ದರು. ಫೋಟೋ ತೋರಿಸಲು ಬಂದವರನ್ನು ಅತ್ತೆ ಕೈಯಿಂದಲೇ ತಡೆದರು. ಚಿತ್ರದ ಕರಡಿಯನ್ನು ತಾನು ಬೇಕಾದಷ್ಟು ನೋಡಿದ್ದೇನೆ ಎಂದರು. ಆಮೇಲೆ ಮಂಜಿನ ಕಡೆ ಮುಖ ಮಾಡಿ ಬಹಳ ಹೊತ್ತು ನಿಂತರು. ಸಿಗ್ಗೆ ಪಕ್ಕದಲ್ಲಿ ನಿಂತ. ಮಂಜಿನೊಳಗೆ ಬೆಳಕು ತುಂಬಿಕೊಂಡು, ಅದೂ ನೋಡುವಂತೆಯೇ ಇತ್ತು. ಮುಂದಿನ ಬೇಸಿಗೆಯಿಂದ ದಿನಕ್ಕೆ ಎರಡು ಸಲವಾದರೂ ಮೇಲೆ ಬರಬೇಕು, ಒಬ್ಬನೇ, ಸುಮ್ಮನೆ, ಎಂದು ಅವನು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡ.

ಊಟಕ್ಕೆ ಮೊದಲು ಅತ್ತೆ ಅವನನ್ನು ಹಡಗಿನ ಕಚೇರಿಗೆ ಎಳೆದುಕೊಂಡು ಹೋದರು. ಮಗಳಿಗೆ ಫೋನ್ ಮಾಡಬೇಕಂತೆ. ಇಂಗ್‌ವಿಲ್ ಎತ್ತಿಕೊಂಡಳು. ಅತ್ತೆ ಮೊದಲು ಆರೋಗ್ಯ ವಿಚಾರಿಸಿದರು, ಆಮೇಲೆ ಗಂಟಲು ಸರಿಮಾಡಿಕೊಂಡರು. ಅವರ ಕೈ ಮೇಜಿನ ಮೇಲಿದ್ದ ಪೆನ್ನನ್ನು ಹಿಡಿದುಕೊಂಡದ್ದು ಸಿಗ್ಗೆಗೆ ಕಂಡಿತು.

ತಾಯಿ ಮತ್ತು ಎರಡು ಮರಿ, ಎಂದು ಶುರುವಾಯಿತು. ಗಲ್ಲ ಊರಿದ ಮರಿ ಬಂತು, ಹನಿಗಳು ಬಂದವು, ಜಾರಿ ಅತ್ತ ಮರಿ ಬಂತು. ಡಾಕ್ಟರು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ತಾಯಿ ಕರಡಿ ಎರಡು ಕಾಲ ಮೇಲೆ ಎದ್ದು ನಿಂತು ನೇರ ತನ್ನ ಕಣ್ಣಿಗೇ ನೋಡಿತಂತೆ. ಸಿಗ್ಗೆ ಮೈಮರೆತು ಕೇಳುತ್ತಿದ್ದ. ಆಗ ಮಗಳು ಏನೋ ಕೇಳಿದಳು.

"ನಿನ್ನ ಗಂಡನಾ? ಅಯ್ಯೋ, ಏನು ಹೇಳಲಿ. ಕರಡಿ ಅಂತ ಕೂಗಿದ ತಕ್ಷಣ ಕೆಳಗೋಡಿ ಮೀನಿನ ಕೋಣೆ ಸೇರ್ಕೊಂಡ. ಆಲೂಗಡ್ಡೆ ಮೂಟೆ ಮೇಲೆ ನಡುಗ್ತಾ ಕೂತಿದ್ದ ಪಾಪ. ನಾನೇ ಹೋಗಿ ಕೈ ಹಿಡ್ಕೊಂಡು ಕರ್ಕೊಂಡು ಬಂದೆ."

ಸಿಗ್ಗೆ ಬಾಯಿ ತೆರೆದ. ಅತ್ತೆ ಫೋನಿಗೆ ಅಂಗೈ ಮುಚ್ಚಿ ಅವನ ಕಡೆ ಬಗ್ಗಿದರು.

"ಕ್ರಿಸ್ಮಸ್ಸಿನ ಕರಡಿ ನಿನ್ನದು. ನಾನು ಏನಾದ್ರೂ ಅಂದ್ನಾ? ಇವತ್ತಿನದು ನನ್ನದು." ಆಮೇಲೆ ಫೋನನ್ನು ಅವನ ಕೈಗೆ ಕೊಟ್ಟರು.

ಅಮ್ಮ ಹೇಳಿದ್ದು ನಿಜವೇ ಎಂದು ಇಂಗ್‌ವಿಲ್ ಕೇಳಿದಳು. ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಿಜ ಎಂದ ಸಿಗ್ಗೆ. ಹಾಗಾದರೆ ಮೊದಲನೆಯ ಸಲ ಅಷ್ಟು ಧೈರ್ಯ ಎಲ್ಲಿಂದ ಬಂದಿತ್ತು ಎಂದು ಕೇಳಿದಳು. ಅದರ ಹೆದರಿಕೆಯೇ ಒಳಗೆ ಕೂತಿರಬೇಕು ಎಂದ. ಹೇಳಿದ್ದು ತಪ್ಪಾಯಿತು. ಇಂಗ್‌ವಿಲ್ ಧ್ವನಿ ಒಡೆಯಿತು. ಇಷ್ಟು ಹೆದರಿಕೊಂಡು ಮಾಡುವ ಕೆಲಸ ಬೇಡವೇ ಬೇಡ, ನಮ್ಮ ಮ್ಯೋಸಾ ಸರೋವರದ ದೋಣಿಯಲ್ಲಿ ವಾಫಲ್ ದೋಸೆ ಹುಯ್ಯುವವರು ಬೇಕಾಗಿದ್ದಾರೆ, ಅಲ್ಲಿ ಬಾತುಕೋಳಿಗಿಂತ ದೊಡ್ಡ ಪ್ರಾಣಿ ಇಲ್ಲ, ಮುಂದಿನ ವರ್ಷದಿಂದ ಅಲ್ಲಿಗೆ ಸೇರು ಎಂದಳು. ಸಿಗ್ಗೆಗೆ ಕಿಟಕಿಯಾಚೆಯ ಬೆಳಕೆಲ್ಲ ಯಾರೋ ಚಾಪೆಯ ಹಾಗೆ ಸುತ್ತಿಕೊಂಡು ಹೋದಂತಾಯಿತು.

ಅತ್ತೆ ಫೋನನ್ನು ಹಿಂದಕ್ಕೆ ಕಿತ್ತುಕೊಂಡರು. ಅವನ ಹೊಟ್ಟೆಪಾಡಿಗೆ ಕಲ್ಲು ಹಾಕಬೇಡ, ಈ ಜಾಗವನ್ನು ಒಂದು ಸಲ ನೋಡಿದವರು ಬಾತುಕೋಳಿ ನೋಡಿಕೊಂಡು ಬದುಕಲಾರರು ಎಂದು ಮಗಳನ್ನು ಗದರಿದರು. ಸಿಗ್ಗೆಗೆ ಅವರ ಕಾಲು ಹಿಡಿಯಬೇಕೆನ್ನಿಸಿತು. ಕ್ರಿಸ್ಮಸ್ಸಿಗೆ ಅವರಿಗೆ ಒಳ್ಳೆಯ ಉಣ್ಣೆಯ ಶಾಲು ತರಬೇಕು ಎಂದೂ ಅಂದುಕೊಂಡ.

"ಹೆದರ್ಬೇಡ ಮಗಳೇ," ಎನ್ನುತ್ತಿದ್ದರು ಅತ್ತೆ. ಪೆನ್ನು ಈಗ ಮೇಜಿನ ಮೇಲೇ ಇತ್ತು. "ಅವನನ್ನ ಒಬ್ಬನೇ ಬಿಡಲ್ಲ. ಇಲ್ಲಿ ತೂರಿಲ್ ಅಂತ ಇದ್ದಾಳೆ, ನಾನು ಹಕ್ಕಿ ಪಾಠ ಮಾಡಿದ್ದು ಕೇಳಿ ಮರುಳಾಗಿದ್ದಾಳೆ. ಮುಂದಿನ ವರ್ಷದಿಂದ ಹಡಗಿನಲ್ಲಿ ಪಾಠ ಹೇಳೋಕೆ ಬನ್ನಿ ಅಂದ್ಲು, ಈಗ ತಾನೆ ಒಪ್ಕೊಂಡೆ. ಇಲ್ಲ, ಒಂದು ವಾರ ಅಲ್ಲ. ಬೇಸಿಗೆ ಪೂರ್ತಿ. ಕೋಣೆ ಅವನ ಪಕ್ಕದ್ದೇ."

ಫೋನ್ ಇಟ್ಟು, ಅಳಿಯನ ಅಂಗಿಯ ಕಾಲರನ್ನು ಸರಿಮಾಡಿದರು.

"ಇನ್ನೊಂದು ಮಾತು. ಬೆಳಗಿನ ಓಟ್ಸ್ ಗಂಜಿ ತೀರಾ ಗಟ್ಟಿ. ನಾಳೆಯಿಂದಲೇ ತೆಳ್ಳಗೆ ಮಾಡೋದು ಅಭ್ಯಾಸ ಮಾಡ್ಕೋ."